ಪರದೇಶ ಪ್ರಯಾಣಕ್ಕೆ ಮುಂಚಿನ ಹತ್ತು ದಿನಗಳು

ನಮ್ಮ ಹಿರಿಯರಲ್ಲಿ ‘ಪ್ರಸ್ಥಾನ’ ಇಡುವುದೆಂಬ ಒಂದು ಪದ್ಧತಿಯಿದ್ದಿತು. ಹೊರಡಬೇಕಾದ ದಿವಸ ವಾರ ನಕ್ಷತ್ರಗಳು ಅನುಕೂಲವಾಗಿಲ್ಲದೆ ಹೋದರೆ, ಅದಕ್ಕೆ ಮುಂಚಿತವಾಗಿಯೇ ಒಳ್ಳೆಯ ಮುಹೂರ್ತವೊಂದರಲ್ಲಿ ಒಂದು ಗಂಟನ್ನು ನೆರೆಮನೆಯಲ್ಲಿಯೋ ದೇವಸ್ಥಾನದಲ್ಲಿಯೋ ಇರಿಸಿ ಬರುತ್ತಿದ್ದರು. ಗಂಟು ಹೊರಟಿತೆಂದರೆ ಅದರ ಒಡೆಯನೂ ಹೊರಟಂತೆಯೇ ಲೆಕ್ಕ. ಈ ಪದ್ಧತಿಯ ಜ್ಯೋತಿಷದ ಭಾಗವನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಅದರಲ್ಲಿ ಒಂದು ಲೌಕಿಕವಾದ ಪ್ರಯೋಜನವೂ ಇದ್ದಿತು. ಪ್ರಯಾಣಕ್ಕೆ ಅತ್ಯಾವಶ್ಯಕವಾದ ಒಂದು ಗಂಟಾದರೂ ಕಡೆಯ ದಿನದ ಗಲಭೆಗೆ ಸಿಕ್ಕದೆ ಮೊದಲೇ ಸಿದ್ಧವಾಗಿ ಕುಳಿತಿರುತ್ತಿದ್ದಿತು.

ಈಗ ಮೈಸೂರು, ಶಿವಮೊಗ್ಗ, ಧಾರವಾಡ, ಮಂಗಳೂರು ಮುಂತಾದ ಯಾವ ಊರಿಗೆ ಹೋದರೂ, ಮಗಳ ಅಥವಾ ಸೊಸೆಯ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟುನಿಂತ ದಂಪತಿಗಳನ್ನು ಕಾಣುವುದು ಅಪರೂಪವಲ್ಲ. ಅರವತ್ತು ದಾಟಿದ ವಯಸ್ಸು. ಇಬ್ಬರಲ್ಲಿ ಒಬ್ಬರಿಗಾದರೂ ಸಕ್ಕರೆ ಕಾಯಿಲೆ ಅಥವಾ ರಕ್ತದ ಒತ್ತಡ. ಜೀವಮಾನದಲ್ಲಿ ಮೊದಲನೆಯ ಸಲ ಸಮುದ್ರ ದಾಟುವ ಪ್ರಯಾಣ. ಹೊರಡುವುದಕ್ಕೆ ಹತ್ತು ದಿನವಿದೆಯೆನ್ನುವಾಗ ಆ ಮನೆಯನ್ನು ಹೊಕ್ಕು ನೋಡಿದರೆ ಅಡಿಗೆಮನೆಯಲ್ಲಿ ಹುರಿಯುವ, ಪುಡಿಮಾಡುವ, ಕರಿಯುವ ಸಂಭ್ರಮ. ಹುಳಿಪುಡಿ, ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಕೋಡುಬಳೆಗಳನ್ನು ತೂಗುವುದು, ಕಟ್ಟುವುದು, ಬಿಚ್ಚಿ ಮತ್ತೆ ತೂಗುವುದು! ಹೊರಡುವ ರಾತ್ರಿ ಹನ್ನೊಂದು ಗಂಟೆಗೆ ಯಾರೋ ಒಬ್ಬರು, ‘ಮಾತ್ರೆಗಳನ್ನು ಎಲ್ಲಿಟ್ಟಿರಿ?’ ಎಂದು ಕೇಳುವವರೆಗೂ ಮಾತ್ರೆಗಳ ನೆನಪೇ ಆಗಿರುವುದಿಲ್ಲ.

ಪ್ರೀತಿಯಿಂದ ಮಾಡುವ ಈ ತಿಂಡಿಗಳನ್ನು ಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಆದರೆ ನ್ಯೂಜೆರ್ಸಿಯ ಎಡಿಸನ್, ಕ್ಯಾಲಿಫೋರ್ನಿಯದ ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ಭಾರತೀಯ ದಿನಸಿಯ ಅಂಗಡಿಗಳು ಧಾರಾಳವಾಗಿವೆ. ತೊಗರಿಬೇಳೆಯಿಂದ ಹಿಡಿದು ಹಪ್ಪಳದವರೆಗೆ ಎಲ್ಲವೂ ಅಲ್ಲಿ ದೊರೆಯುತ್ತದೆ. ದೊರೆಯದಿರುವುದು ಬೇರೆ. ಮೈಸೂರಿನ ವೈದ್ಯರು ಬರೆದುಕೊಟ್ಟ ಚೀಟಿ ಅಲ್ಲಿ ನಡೆಯುವುದಿಲ್ಲ. ತಪ್ಪಾಗಿ ಮುದ್ರಿತವಾದ ಹೆಸರನ್ನು ವಿಮಾನದ ಬಾಗಿಲಿನಲ್ಲಿ ತಿದ್ದಿಕೊಡುವವರಿಲ್ಲ. ಬೀರುವಿನಲ್ಲಿ ಮರೆತು ಬಂದ ಕಾಗದವನ್ನು ಹತ್ತು ಸಾವಿರ ಮೈಲಿ ದೂರದಿಂದ ಕೈಚಾಚಿ ತೆಗೆದುಕೊಳ್ಳುವಂತಿಲ್ಲ. ಆದುದರಿಂದ ಆ ದಡದಲ್ಲಿ ಹಣ ಕೊಟ್ಟರೂ ಸಿಕ್ಕದ ವಸ್ತುಗಳನ್ನು ಮೊದಲು ಕಟ್ಟತಕ್ಕದ್ದು. ಸಿಕ್ಕುವ ವಸ್ತುಗಳನ್ನು ಆಮೇಲೆ. ಹಳೆಯ ಪ್ರಸ್ಥಾನದ ಗಂಟಿನಂತೆ ಒಂದು ಕೈಚೀಲವನ್ನು ಹತ್ತು ದಿನ ಮೊದಲೇ ಸಿದ್ಧಮಾಡಿ, ದೇವರ ಮನೆಯ ಪಕ್ಕದಲ್ಲಿಟ್ಟು, ಅದಕ್ಕೆ ಮತ್ತಾರೂ ಕೈಹಾಕದಂತೆ ನೋಡಿಕೊಳ್ಳುವುದು ಉತ್ತಮ.

ಆ ಚೀಲದಲ್ಲಿ ಮೊದಲನೆಯದು ರಹದಾರಿ, ಎಂದರೆ ಪಾಸ್‌ಪೋರ್ಟು. ಪ್ರಯಾಣದ ಕಾಲದಲ್ಲಿ ಅದಕ್ಕೆ ಇನ್ನೂ ಆರು ತಿಂಗಳ ಆಯುಸ್ಸು ಉಳಿದಿರಬೇಕೆಂದು ಎಷ್ಟೋ ದೇಶಗಳು ವಿಧಿಸುತ್ತವೆ. ಅದನ್ನು ತೆರೆದು ಟಿಕೆಟ್ಟಿನ ಪಕ್ಕದಲ್ಲಿಟ್ಟು, ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಹೆಸರಿನ ಹಿಂದೆ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಹಚ್ಚುವುದು ನಮ್ಮವರ ರೂಢಿ. ರಹದಾರಿಯಲ್ಲಿ ಆ ಅಕ್ಷರಗಳು ಬಿಡಿಸಿ ಉದ್ದವಾಗಿರುತ್ತವೆ. ಟಿಕೆಟ್ಟು ಕೊಂಡ ಮಗನು ಮನೆಯಲ್ಲಿ ಕರೆಯುವಷ್ಟನ್ನೇ ಬರೆದಿರುತ್ತಾನೆ. ಹತ್ತು ದಿನ ಮೊದಲು ಕಂಡರೆ ಇದನ್ನು ದೂರವಾಣಿಯಲ್ಲಿಯೇ ಸರಿಪಡಿಸಿಕೊಳ್ಳಬಹುದು. ನಿಲ್ದಾಣದಲ್ಲಿ ಕಂಡರೆ ಪ್ರಯಾಣವೇ ನಿಲ್ಲಬಹುದು. ಒಂಟಿ ಹೆಸರಿನವರಿಗೆ ಇನ್ನೊಂದು ತೊಡಕು. 2022ರ ನವೆಂಬರಿನಲ್ಲಿ ಅರಬ್ ಸಂಯುಕ್ತ ಸಂಸ್ಥಾನದವರು, ರಹದಾರಿಯಲ್ಲಿ ಒಂದೇ ಹೆಸರುಳ್ಳವರನ್ನು ಸಂದರ್ಶಕರ ವೀಸಾದ ಮೇಲೆ ಒಳಕ್ಕೆ ಬಿಡುವುದಿಲ್ಲವೆಂದು ಪ್ರಕಟಿಸಿದಾಗ ದಕ್ಷಿಣದ ಎಷ್ಟೋ ಕುಟುಂಬಗಳಿಗೆ ಗಾಬರಿಯಾಯಿತು. ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂಬ ವಿವರಣೆ ಆಮೇಲೆ ಬಂದಿತು.

ವೀಸಾದ ವಿಷಯದಲ್ಲಿಯೂ ಒಂದು ಭ್ರಾಂತಿಯುಂಟು. ಅಮೆರಿಕದ ವೀಸಾದ ಮೇಲೆ ಮುದ್ರಿತವಾಗಿರುವ ಕೊನೆಯ ದಿನಾಂಕವು, ಆ ದೇಶಕ್ಕೆ ಹೋಗಿ ಬಾಗಿಲು ತಟ್ಟಬಹುದಾದ ಕಡೆಯ ದಿನವೇ ಹೊರತು ಒಳಗೆ ಇರಬಹುದಾದ ಕಡೆಯ ದಿನವಲ್ಲ. ಎಷ್ಟು ದಿನ ಇರಬಹುದೆಂಬುದನ್ನು ಅಲ್ಲಿ ಇಳಿದಾಗ ಅಧಿಕಾರಿಯು ಗೊತ್ತುಮಾಡುತ್ತಾನೆ. ಸಂದರ್ಶಕರಿಗೆ ಸಾಮಾನ್ಯವಾಗಿ ಆರು ತಿಂಗಳು. ಅವನು ಕೇಳುವ ಪ್ರಶ್ನೆಗಳು ಸರಳವಾದುವು: ಏತಕ್ಕೆ ಬಂದಿರಿ, ಯಾರ ಮನೆಯಲ್ಲಿ ಇಳಿಯುವಿರಿ, ಯಾವಾಗ ಹಿಂದಿರುಗುವಿರಿ? ಮಗಳ ವಿಳಾಸ ಮೊಬೈಲಿನಲ್ಲಿದೆಯೆಂದು ನಂಬಿ ಹೋದವರು, ಅಷ್ಟು ಹೊತ್ತಿಗೆ ಮೊಬೈಲು ಆರಿಹೋಗಿ ತಬ್ಬಿಬ್ಬಾಗುವುದುಂಟು. ವಿಳಾಸ, ದೂರವಾಣಿಯ ಸಂಖ್ಯೆ, ಹಿಂದಿರುಗುವ ಟಿಕೆಟ್ಟು ಇವು ಕಾಗದದ ಮೇಲೆಯೇ ಇರಲಿ. ಗಂಡಹೆಂಡಿರಿಬ್ಬರ ಹತ್ತಿರವೂ ಒಂದೊಂದು ಪ್ರತಿಯಿರಲಿ.

ಎರಡನೆಯದು ಔಷಧ. ನಮ್ಮ ಮನೆಗಳಲ್ಲಿ ಅತ್ಯಂತ ಉದಾಸೀನಕ್ಕೆ ಗುರಿಯಾಗಿರುವ ವಿಷಯವೆಂದರೆ ಇದೇ. ಮೊದಲು, ದಿನವೂ ನೋಡುವ ವೈದ್ಯರ ಬಳಿಗೆ ಹೋಗಿ ಕಾಯಿಲೆಗಳ ಹೆಸರನ್ನೂ ಔಷಧಗಳ ಮೂಲ ಹೆಸರನ್ನೂ ಪ್ರಮಾಣವನ್ನೂ ಒಂದು ಹಾಳೆಯಲ್ಲಿ ಸ್ಪಷ್ಟವಾಗಿ, ಸಾಧ್ಯವಾದರೆ ಅಚ್ಚುಮಾಡಿಸಿ, ರುಜುವಿನೊಡನೆ ಪಡೆಯಬೇಕು. ಮೂಲ ಹೆಸರು ಏಕೆಂದರೆ, ನಮ್ಮ ಅಂಗಡಿಗಳಲ್ಲಿ ನಡೆಯುವ ವ್ಯಾಪಾರದ ಹೆಸರುಗಳನ್ನು ಅಮೆರಿಕದ ವೈದ್ಯರು ಕೇಳಿಯೇ ಇರುವುದಿಲ್ಲ. ಮೂಲ ಹೆಸರುಗಳಲ್ಲಿಯೂ ಕೆಲವು ಬೇರೆ ಬೇರೆ. ನಾವು ಪ್ಯಾರಸಿಟಮಾಲ್ ಎಂದು ಕರೆಯುವ ಜ್ವರದ ಮಾತ್ರೆಗೆ ಅಲ್ಲಿ ಅಸಿಟಮಿನೋಫೆನ್ ಎಂದು ಹೆಸರು. ಉಬ್ಬಸದವರು ಸೇದುವ ಸಾಲ್ಬುಟಮಾಲಿಗೆ ಆಲ್ಬುಟೆರಾಲ್ ಎಂದು ಹೆಸರು. ಹೆಸರು ಬೇರೆಯೆಂದು ತಿಳಿಯದೆ ಒಂದೇ ಔಷಧವನ್ನು ಎರಡರಷ್ಟು ನುಂಗುವ ಅಪಾಯವೂ ಇದರಲ್ಲಿ ಅಡಗಿದೆ.

ಸ್ವಂತ ಉಪಯೋಗಕ್ಕೆ ತೊಂಬತ್ತು ದಿನಗಳಿಗೆ ಸಾಲುವಷ್ಟು ಔಷಧವನ್ನು ತರುವುದಕ್ಕೆ ಅಮೆರಿಕದವರು ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ. ಆರು ತಿಂಗಳು ಇರುವವರು ಉಳಿದ ಮೂರು ತಿಂಗಳ ಏರ್ಪಾಟನ್ನು ಹೊರಡುವ ಮೊದಲೇ ವೈದ್ಯರೊಡನೆಯೂ ಮಕ್ಕಳೊಡನೆಯೂ ಮಾತಾಡಿಕೊಳ್ಳಬೇಕು. ಮಾತ್ರೆಗಳನ್ನು ಹಾಳೆಯಿಂದ ಬಿಡಿಸಿ ವಾರದ ಡಬ್ಬಿಗೆ ತುಂಬಿಕೊಂಡು ಹೋಗುವುದು ಅಚ್ಚುಕಟ್ಟಾಗಿ ಕಂಡರೂ ವಿವೇಕವಲ್ಲ. ಹೆಸರಿಲ್ಲದ ಬಿಳಿಯ ಗುಳಿಗೆಯನ್ನು ಕಂಡರೆ ಯಾವ ದೇಶದ ಸುಂಕದವನಿಗೂ ಸಂಶಯ ಬರುವುದು ಸಹಜ. ಕೊಲ್ಲಿಯ ದೇಶಗಳಿಗೆ ಹೋಗುವವರಂತೂ ಹೆಚ್ಚು ಎಚ್ಚರದಿಂದಿರಬೇಕು. ನಮ್ಮಲ್ಲಿ ಕೆಮ್ಮಿಗೆ ಕುಡಿಯುವ ಕೋಡೀನ್ ಬೆರೆತ ಔಷಧ, ನೋವಿಗೆ ನುಂಗುವ ಟ್ರಮಡಾಲ್ ಇವು ಅರಬ್ ಸಂಯುಕ್ತ ಸಂಸ್ಥಾನದಲ್ಲಿ ನಿಯಂತ್ರಿತ ದ್ರವ್ಯಗಳು. ಮುಂಚಿತವಾಗಿ ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕಲೇಬಾರದು. ವಿಮಾನದ ಹೊಟ್ಟೆಯಲ್ಲಿ ಚಳಿಯೇರಿ ಅದು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಉಪಯೋಗಕ್ಕೆ ಬಾರದು. ಅಲ್ಲದೆ ಕ್ಯಾಲಿಫೋರ್ನಿಯದ ಗಡಿಯಾರವು ಚಳಿಗಾಲದಲ್ಲಿ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ, ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದಿರುತ್ತದೆ. ‘ರಾತ್ರಿ ಊಟಕ್ಕೆ ಮುಂಚೆ’ ಎಂಬ ಮಾತು ವಿಮಾನದಲ್ಲಿ ಅರ್ಥವನ್ನೇ ಕಳೆದುಕೊಳ್ಳುತ್ತದೆ. ಹೊರಟ ಗಳಿಗೆಯಿಂದ ತಲಪುವವರೆಗೆ ಯಾವ ಔಷಧವನ್ನು ಎಷ್ಟು ಗಂಟೆಯ ಅಂತರದಲ್ಲಿ ತೆಗೆದುಕೊಳ್ಳಬೇಕೆಂದು ವೈದ್ಯರಿಂದಲೇ ಬರೆಸಿಕೊಳ್ಳುವುದು ಅವಶ್ಯ. ಸಕ್ಕರೆ ಕಾಯಿಲೆಯವರ ಊಟವನ್ನೂ ವಿಮಾನದವರಿಗೆ ಒಂದೆರಡು ದಿನ ಮೊದಲೇ ತಿಳಿಸಿರಬೇಕು. ಸಸ್ಯಾಹಾರಿಗಳು ಇನ್ನೊಂದು ಮಾತನ್ನು ಗಮನಿಸಲಿ: ‘ಹಿಂದೂ ಊಟ’ವೆಂದು ಹೇಳಿದರೆ ಗೋಮಾಂಸವಿಲ್ಲದ ಊಟವೆಂದು ಮಾತ್ರ ಅರ್ಥಮಾಡಿಕೊಂಡು ಕೋಳಿಯನ್ನು ತಂದಿಡುವ ವಿಮಾನಗಳುಂಟು. ‘ಏಷ್ಯನ್ ಸಸ್ಯಾಹಾರ’ವೆಂದು ಕೇಳುವುದು ಸರಿಯಾದ ಕ್ರಮ.

ಹಲ್ಲು ನೋಯುತ್ತಿದ್ದರೆ ಇಲ್ಲಿಯೇ ತೋರಿಸಿಕೊಂಡು ಹೊರಡುವುದು ಲೇಸು. ಹೆಚ್ಚುವರಿ ಕನ್ನಡಕವೊಂದು ಚೀಲದಲ್ಲಿರಲಿ. ಅಮೆರಿಕದ ಆಸ್ಪತ್ರೆಯ ವೆಚ್ಚವನ್ನು ಕೇಳಿದವರಾರೂ ವಿಮೆಯಿಲ್ಲದೆ ಹೋಗಲು ಒಪ್ಪಲಾರರು. ಅಲ್ಲಿಯ ಸರಕಾರ ತನ್ನ ವೃದ್ಧರಿಗೆ ಕೊಡುವ ವೈದ್ಯಸಹಾಯ ಸಂದರ್ಶಕರಿಗೆ ಅನ್ವಯಿಸದು. ಆದರೆ ವಿಮೆಯ ಪತ್ರವಿದ್ದರೆ ಸಾಲದು, ಅದನ್ನು ಓದಿಯೂ ಇರಬೇಕು. ಒಂದು ಜಾತಿಯ ವಿಮೆಯು ಇಂತಿಂಥ ಚಿಕಿತ್ಸೆಗೆ ಇಷ್ಟಿಷ್ಟೇ ಎಂದು ಗೊತ್ತಾದ ಮೊತ್ತವನ್ನು ಮಾತ್ರ ಕೊಡುತ್ತದೆ. ಉಳಿದುದು ಮಗಳ ತಲೆಯ ಮೇಲೆ. ಇನ್ನೊಂದು ಜಾತಿಯದು ಮೊದಲ ಒಂದು ಮೊತ್ತವನ್ನು ನಮ್ಮಿಂದ ಭರಿಸಿಕೊಂಡು ತರುವಾಯದ ಬಹುಪಾಲನ್ನು ತಾನು ವಹಿಸುತ್ತದೆ. ಮೊದಲಿನಿಂದ ಇರುವ ಕಾಯಿಲೆಗಳ ವಿಷಯದಲ್ಲಿ ಎರಡೂ ಜಿಪುಣವೇ. ನಿಜವಾದ ಕಾಯಿಲೆಯನ್ನು ಮುಚ್ಚಿಟ್ಟು ಕಡಮೆ ಬೆಲೆಯ ಪತ್ರವನ್ನು ಕೊಳ್ಳುವುದಕ್ಕಿಂತ ಹಣವನ್ನು ಕೈಯಲ್ಲೇ ಇಟ್ಟುಕೊಂಡಿರುವುದು ವಾಸಿ.

ಮೂರನೆಯದು ಹಣಕಾಸು. ಪರದೇಶದ ನೋಟುಗಳನ್ನು ಪ್ರವಾಸವೊಂದಕ್ಕೆ 3,000 ಡಾಲರುಗಳವರೆಗೆ ಒಯ್ಯಬಹುದು. ಮಿಕ್ಕುದನ್ನು ಬ್ಯಾಂಕಿನ ಕಾರ್ಡಿನಲ್ಲಿ ಹಾಕಿಸಿಕೊಳ್ಳಬೇಕು. ಹಿಂದಿರುಗುವಾಗಿನ ಕಾರಿನ ಬಾಡಿಗೆಗೆಂದು ಸ್ವಲ್ಪ ನಮ್ಮ ರೂಪಾಯಿಗಳೂ ಇರಲಿ; 25,000 ರೂಪಾಯಿಗಳವರೆಗೆ ಅಡ್ಡಿಯಿಲ್ಲ. ಇವುಗಳಿಗಿಂತ ಮುಖ್ಯವಾದದ್ದು ಮೊಬೈಲಿನ ಸಿಮ್ಮು. ಬ್ಯಾಂಕಿನವರು ಕಳುಹಿಸುವ ಓಟಿಪಿ ಸಂಖ್ಯೆಯು ಈ ಸಿಮ್ಮಿಗೇ ಬರುವುದು. ಪರದೇಶದಲ್ಲಿ ಅದು ಕೆಲಸಮಾಡುವಂತೆ ಹೊರಡುವ ಮೊದಲೇ ಏರ್ಪಡಿಸದಿದ್ದರೆ, ಅಥವಾ ಅದರ ವಾಯಿದೆ ನಡುವೆ ಮುಗಿದುಹೋದರೆ, ಸ್ವಂತ ಹಣಕ್ಕೆ ಸ್ವಂತ ಮನೆಯ ಬೀಗ ಹಾಕಿಕೊಂಡಂತಾಗುತ್ತದೆ.

ನಿವೃತ್ತಿವೇತನ ಪಡೆಯುವವರಿಗೆ ಇನ್ನೊಂದು. ಜೀವಂತ ಪ್ರಮಾಣಪತ್ರವನ್ನು ಪ್ರತಿವರ್ಷವೂ ನವೆಂಬರಿನಲ್ಲಿ ಸಲ್ಲಿಸಬೇಕಾಗುತ್ತದೆ. ಕೇಂದ್ರ ಸರಕಾರದ ನಿವೃತ್ತರಲ್ಲಿ ಎಂಬತ್ತು ದಾಟಿದವರು ಅಕ್ಟೋಬರ್ 1ರಿಂದಲೇ ಸಲ್ಲಿಸಬಹುದು. ಸೆಪ್ಟೆಂಬರಿನಲ್ಲಿ ಹೊರಟು ಮಾರ್ಚಿನಲ್ಲಿ ಬರುವವರಿಗೆ ನವೆಂಬರು ಹೊರದೇಶದಲ್ಲಿಯೇ ಕಳೆಯುತ್ತದೆ. ಪತ್ರ ಸೇರದಿದ್ದರೆ ವೇತನ ನಿಲ್ಲುತ್ತದೆ. 2014ರಲ್ಲಿ ‘ಜೀವನ್ ಪ್ರಮಾಣ್’ ಎಂಬ ಗಣಕದ ವ್ಯವಸ್ಥೆಯೂ, 2021ರಲ್ಲಿ ಮೊಬೈಲಿಗೆ ಮುಖ ತೋರಿಸಿದರೆ ಸಾಕೆಂಬ ಅನುಕೂಲವೂ ಬಂದಿವೆ. ಆದರೆ ಅದನ್ನು ಮಾಡುವ ಬಗೆಯನ್ನು ಇಲ್ಲಿರುವಾಗಲೇ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಂಡಿರುವುದು ಒಳ್ಳೆಯದು. ತಾನು ಬದುಕಿದ್ದೇನೆಂದು ಸಾಧಿಸುವ ಕೆಲಸ ದೂರದಿಂದ ಅಷ್ಟು ಸುಲಭವಲ್ಲ!

ಇಷ್ಟಾದ ಮೇಲೆ ತಿಂಡಿಯ ಪೆಟ್ಟಿಗೆಗೆ ಕೈಹಾಕಬಹುದು. ಪರದೇಶಕ್ಕೆ ಹೋಗುವಾಗ ಮನೆಯ ಅನ್ನನೀರನ್ನು ಜೊತೆಯಲ್ಲಿ ಒಯ್ಯುವ ಆಸೆ ಇಂದಿನದಲ್ಲ. 1902ರಲ್ಲಿ ಏಳನೆಯ ಎಡ್ವರ್ಡ್ ಚಕ್ರವರ್ತಿಯ ಪಟ್ಟಾಭಿಷೇಕಕ್ಕೆಂದು ಲಂಡನಿಗೆ ಹೊರಟ ಜಯಪುರದ ಮಹಾರಾಜ ಎರಡನೆಯ ಮಾಧವಸಿಂಗರು, ಕುಡಿಯುವುದಕ್ಕೆ ಗಂಗೆಯ ನೀರನ್ನೇ ಭಾರಿ ಬೆಳ್ಳಿಯ ಹಂಡೆಗಳಲ್ಲಿ ತುಂಬಿಸಿ ಹಡಗಿನಲ್ಲಿ ಒಯ್ದರು. ಆ ಹಂಡೆಗಳಲ್ಲಿ ಎರಡನ್ನು ಜಯಪುರದ ಅರಮನೆಯಲ್ಲಿ ಈಗಲೂ ನೋಡಬಹುದು. ಮಹಾರಾಜರಿಗೆ ತೂಕದ ಕಟ್ಟಳೆಯಿರಲಿಲ್ಲ. ನಮಗಾದರೋ ಪೆಟ್ಟಿಗೆಗೆ ಸಾಮಾನ್ಯವಾಗಿ 23 ಕಿಲೋ.

ತೂಕಕ್ಕಿಂತ ದೊಡ್ಡ ಕಟ್ಟಳೆ ಕೃಷಿಯ ಕಾನೂನು. ಕರಿಬೇವಿನ ಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೀರೆಗಳ ನಡುವೆ ಅಡಗಿಸುವ ತಾಯಂದಿರು ಇದರ ಕಾರಣವನ್ನು ತಿಳಿದರೆ ಹಾಗೆ ಮಾಡಲಾರರು. ಕರಿಬೇವು ನಿಂಬೆ ಕಿತ್ತಳೆಗಳ ಕುಲಕ್ಕೆ ಸೇರಿದ ಗಿಡ. ಅದರ ಎಲೆಯಲ್ಲಿ ವಾಸಿಸುವ ಒಂದು ಚಿಕ್ಕ ಕೀಟವು ಕಿತ್ತಳೆಯ ಮರಗಳಿಗೆ ಮದ್ದಿಲ್ಲದ ರೋಗವನ್ನು ಹರಡುತ್ತದೆ. ಆ ರೋಗ 2005ರಲ್ಲಿ ಫ್ಲಾರಿಡದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಿತ್ತಳೆಯ ತೋಟಗಳನ್ನು ಹಾಳುಗೆಡವಿತು. ಅಕ್ಕಿಯನ್ನೂ ಒಯ್ಯುವಂತಿಲ್ಲ, ದಾಸ್ತಾನಿನ ಧಾನ್ಯವನ್ನು ತಿಂದು ಹೊಟ್ಟುಮಾಡುವ ಖಾಪ್ರಾ ಎಂಬ ನಮ್ಮ ದೇಶದ ಹುಳುವಿಗೆ ಅವರು ಹೆದರುತ್ತಾರೆ. ತಿಪಟೂರಿನ ಕೊಬ್ಬರಿಯ ಗಿಟುಕನ್ನಂತೂ ವಿಮಾನಕ್ಕೇ ಏರಿಸರು. ಎಣ್ಣೆ ತುಂಬಿದ ಕೊಬ್ಬರಿಯು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಪದಾರ್ಥವೆಂದು ವಿಮಾನಶಾಸ್ತ್ರದವರ ಎಣಿಕೆ. 2022ರಲ್ಲಿ ಅದು ನಮ್ಮ ದೇಶದಲ್ಲಿಯೂ ನಿಷಿದ್ಧ ವಸ್ತುಗಳ ಪಟ್ಟಿಗೆ ಸೇರಿತು. ದುಬೈಗೆ ಹೋಗುವವರು ಗಸಗಸೆಯನ್ನು ಮರೆತೂ ಕಟ್ಟಬಾರದು. ನಮಗೆ ಅದು ಹಬ್ಬದ ಪಾಯಸ. ಅಲ್ಲಿಯ ಕಾನೂನಿಗೆ ಅಫೀಮಿನ ಗಿಡದ ಬೀಜ.

ಪುಡಿಗಳನ್ನು ಕೈಚೀಲದಲ್ಲಿಡದೆ ದೊಡ್ಡ ಪೆಟ್ಟಿಗೆಯಲ್ಲಿಡಬೇಕು. ಉಪ್ಪಿನಕಾಯಿಯ ರಸವನ್ನು ತನಿಖೆಯವರು ದ್ರವವೆಂದೇ ಎಣಿಸುವುದರಿಂದ ನೂರು ಮಿಲಿಲೀಟರಿಗೆ ಮೀರಿದ ಶೀಸೆ ಕೈಚೀಲದಲ್ಲಿ ನಡೆಯದು. ಇದಕ್ಕೆ ವಿರುದ್ಧವಾಗಿ, ಮೊಬೈಲಿಗೆ ವಿದ್ಯುತ್ತು ತುಂಬುವ ಪವರ್‌ಬ್ಯಾಂಕು ಕೈಚೀಲದಲ್ಲಿಯೇ ಇರಬೇಕು. ದೊಡ್ಡ ಪೆಟ್ಟಿಗೆಯಲ್ಲಿ ಕಂಡರೆ ಪೆಟ್ಟಿಗೆಯನ್ನು ಒಡೆದು ತೆಗೆಯುವರು. ಅಮೆರಿಕದಲ್ಲಿ ಇಳಿದಾಗ ‘ತಿನ್ನುವ ಪದಾರ್ಥವೇನಾದರೂ ಇದೆಯೇ?’ ಎಂದು ಕೇಳಿದರೆ ‘ಇದೆ’ ಎಂದು ಹೇಳಿಬಿಡುವುದೇ ಕ್ಷೇಮ. ಹೇಳಿದರೆ ಹೆಚ್ಚೆಂದರೆ ವಸ್ತು ಹೋದೀತು. ಅಡಗಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೇ 1,000 ಡಾಲರುಗಳವರೆಗೆ ದಂಡ ವಿಧಿಸಬಹುದು.

ಮೈಮೇಲೆ ಹೆಚ್ಚಾಗಿ ಚಿನ್ನ ಧರಿಸಿ ಹೋಗುವ ಸ್ತ್ರೀಯರು, ಹೊರಡುವಾಗಲೇ ನಿಲ್ದಾಣದ ಸುಂಕದ ಅಧಿಕಾರಿಗಳಿಗೆ ಒಡವೆಗಳನ್ನು ತೋರಿಸಿ ಪ್ರಮಾಣಪತ್ರ ಪಡೆದರೆ, ಹಿಂದಿರುಗುವಾಗ ಅವು ಪರದೇಶದಲ್ಲಿ ಕೊಂಡವಲ್ಲವೆಂದು ವಾದಿಸುವ ತೊಂದರೆ ತಪ್ಪುತ್ತದೆ. ಮಾಂಗಲ್ಯವೊಂದನ್ನು ಬಿಟ್ಟು ಉಳಿದುದನ್ನು ಮನೆಯಲ್ಲಿ ಬಿಡದೆ ಬ್ಯಾಂಕಿನ ಲಾಕರಿನಲ್ಲಿಟ್ಟು ಹೋಗುವುದು ಇನ್ನೂ ಮೇಲು.

ಮನೆಯ ವಿಷಯಕ್ಕೆ ಹೆಚ್ಚು ಹೇಳಬೇಕಾದುದಿಲ್ಲ, ಗೃಹಿಣಿಯರಿಗೆ ತಿಳಿದದ್ದೇ. ಗ್ಯಾಸಿನ ರೆಗ್ಯುಲೇಟರು, ನೀರಿನ ಕೊಳಾಯಿ, ವಿದ್ಯುತ್ತಿನ ಮುಖ್ಯ ಗುಂಡಿ, ಬರಿದುಮಾಡಿ ಬಾಗಿಲು ತೆರೆದಿಟ್ಟ ಫ್ರಿಜ್ಜು. ಹಾಲಿನವನಿಗೂ ಪತ್ರಿಕೆಯವನಿಗೂ ಒಂದು ಮಾತು. ಬೀಗ ಹಾಕಿದ ಮನೆಯೆಂದು ಪೊಲೀಸ್ ಠಾಣೆಗೆ ಒಂದು ಚೀಟಿ. ಹೊರಡುವ ಸಂಭ್ರಮದ ಭಾವಚಿತ್ರಗಳನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವವರಿದ್ದಾರೆ. ಮನೆ ಆರು ತಿಂಗಳು ಬರಿದಾಗಿರುವುದೆಂದು ಡಂಗುರ ಹೊಡೆಸಿದಂತೆಯೇ ಅದು.

ಆದರೆ ಎಲ್ಲ ಮನೆಗಳೂ ಬರಿದಾಗುವುದಿಲ್ಲ. ಎಂಬತ್ತೈದು ದಾಟಿದ ಅತ್ತೆಯವರನ್ನೋ ಮಾವನವರನ್ನೋ ಮೈದುನನ ಮನೆಯಲ್ಲಿ ಬಿಟ್ಟು, ಅತ್ತ ಹುಟ್ಟುವ ಕೂಸಿಗಾಗಿ ಇತ್ತ ಹಣ್ಣಾದ ಜೀವವನ್ನು ಅಗಲಿ ಹೋಗುವವರ ಸಂಕಟವನ್ನು ನಾವು ಕಂಡಿದ್ದೇವೆ. ಹೊರಡುವ ಮುನ್ನ ಅಮಂಗಳವನ್ನು ನುಡಿಯಬಾರದೆಂದು, ಎಲ್ಲರ ಮನಸ್ಸಿನಲ್ಲಿಯೂ ಇರುವ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಅಜ್ಜಿಗೆ ಕಾಯಿಲೆಯಾದರೆ ಯಾವ ಆಸ್ಪತ್ರೆ? ಚಿಕಿತ್ಸೆ ಎಲ್ಲಿಯವರೆಗೆಂದು ನಿಶ್ಚಯಿಸುವವರು ಯಾರು? ಹಣವನ್ನು ತೆಗೆಯುವವರು ಯಾರು? ಕಡೆಯ ಗಳಿಗೆ ಬಂದರೆ ಕಾಯುವುದೋ, ಕಾಯದೆ ಮುಂದಿನ ಕಾರ್ಯವನ್ನು ನಡೆಸುವುದೋ? ಇವಕ್ಕೆ ಉತ್ತರವಿಲ್ಲದೆ ಹೊರಟುಹೋದಲ್ಲಿ ಭಾರವೆಲ್ಲ ಇಲ್ಲಿ ಉಳಿದ ತಮ್ಮನ ಮೇಲೆ, ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿಯ ಮೇಲೆ ಬೀಳುತ್ತದೆ. ಆಮೇಲೆ ಅಣ್ಣತಮ್ಮಂದಿರಲ್ಲಿ ಮಾತು ಮುರಿಯುವುದೂ ಇದರಿಂದಲೇ. ಹತ್ತು ದಿನಗಳಲ್ಲಿ ಒಂದು ಸಂಜೆ ಎಲ್ಲರೂ ಕುಳಿತು ಇದನ್ನು ಮಾತಾಡಿಕೊಳ್ಳಬೇಕು. ಸಾಧ್ಯವಾದರೆ ಅಜ್ಜಿಯನ್ನೇ ಕೇಳಬೇಕು. ಆ ವಯಸ್ಸಿನವರು ಈ ವಿಷಯದಲ್ಲಿ ನಮಗಿಂತ ಹೆಚ್ಚು ಧೈರ್ಯಶಾಲಿಗಳಾಗಿರುತ್ತಾರೆ. ಬ್ಯಾಂಕಿನ ಖಾತೆಯೊಂದು ತಮ್ಮನ ಹೆಸರಿನೊಡನೆ ಜಂಟಿಯಾಗಿರಲಿ. ಹೊರಡುವವರ ಉಯಿಲು, ಮನೆಯ ಪತ್ರಗಳು ಎಲ್ಲಿವೆಯೆಂಬುದು ಇಲ್ಲಿರುವ ಒಬ್ಬರಿಗೆ ತಿಳಿದಿರಲಿ.

ಕೊನೆಗೆ ಹೊರಡುವ ದಿನ. ಬೆಂಗಳೂರಿನಿಂದ ಪರದೇಶಕ್ಕೆ ಹಾರುವ ವಿಮಾನಗಳಲ್ಲಿ ಬಹುಭಾಗ ನಡುರಾತ್ರಿಯ ಆಚೀಚೆ ಹೊರಡುತ್ತವೆ. ಟಿಕೆಟ್ಟಿನಲ್ಲಿ 15ನೆಯ ತಾರೀಖು 1 ಗಂಟೆ 30 ನಿಮಿಷವೆಂದಿದ್ದರೆ, 14ನೆಯ ರಾತ್ರಿ ಹತ್ತಕ್ಕೇ ನಿಲ್ದಾಣದಲ್ಲಿರಬೇಕು. ಮೈಸೂರಿನವರು 14ನೆಯ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಮನೆ ಬಿಡಬೇಕು. 15ನೆಯ ಸಂಜೆ ಪೆಟ್ಟಿಗೆ ಹೊತ್ತು ಬಂದು ವಿಮಾನ ಹಿಂದಿನ ರಾತ್ರಿಯೇ ಹೋಯಿತೆಂದು ತಿಳಿದು ಕುಸಿದು ಕುಳಿತವರೂ ಉಂಟು. ಪಂಚಾಂಗದ ದಿನ ಸೂರ್ಯೋದಯಕ್ಕೆ ಮೊದಲಾದರೆ ವಿಮಾನದ ದಿನ ಮಧ್ಯರಾತ್ರಿಗೆ ಮೊದಲಾಗುತ್ತದೆ. ದೇವನಹಳ್ಳಿಯ ನಿಲ್ದಾಣದಲ್ಲಿ 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲಿನಿಂದ ಹೊರಡುತ್ತವೆಂಬುದನ್ನು ಕಾರಿನವನಿಗೆ ಮೊದಲೇ ಹೇಳಿರಬೇಕು. ಹೊರಹೋಗುವ ಭಾರತೀಯರು ಹಿಂದೆ ತುಂಬಿಕೊಡಬೇಕಾಗಿದ್ದ ಚೀಟಿ 2017ರ ಜುಲೈ 1ರಿಂದ ರದ್ದಾಗಿರುವುದರಿಂದ ಲೇಖನಿಗಾಗಿ ಪರದಾಡಬೇಕಾಗಿಲ್ಲ. ಗಾಲಿಕುರ್ಚಿ ಬೇಕಾದವರು ಎರಡು ದಿನ ಮೊದಲೇ ತಿಳಿಸಿರಬೇಕು. ಕಾಲು ಗಟ್ಟಿಯಾಗಿದ್ದರೂ ಇಂಗ್ಲಿಷಿನ ಅಂಜಿಕೆಯಿಂದ ಅದನ್ನು ಕೇಳುವವರು ಹಲವರಿದ್ದಾರೆ. ಅವರ ಕಷ್ಟ ನಮಗೆ ಅರ್ಥವಾಗುತ್ತದೆ, ಆದರೆ ನಿಜವಾಗಿ ನಡೆಯಲಾರದವರು ಅದರಿಂದ ಕಾದು ಕುಳಿತಿರಬೇಕಾಗುತ್ತದೆ.

ಪೆಟ್ಟಿಗೆಯಲ್ಲಿ ಇಷ್ಟಾದ ಮೇಲೂ ಸ್ವಲ್ಪ ಸ್ಥಳ ಉಳಿದರೆ, ಒಗೆದು ಒಗೆದು ಮೆತ್ತಗಾದ ಎರಡು ಹಳೆಯ ನೂಲಿನ ಸೀರೆಗಳನ್ನೂ, ಮನೆಯಲ್ಲಿ ಹೊಲಿದ ಒಂದು ಚಿಕ್ಕ ಕೌದಿಯನ್ನೂ ಇಡಬಹುದು. ಕೂಸನ್ನು ಸುತ್ತಿ ಮಲಗಿಸುವುದಕ್ಕೆ ಅಂಥ ಬಟ್ಟೆ ಆ ದೇಶದ ಯಾವ ಅಂಗಡಿಯಲ್ಲಿಯೂ ದೊರೆಯದು. ಸುಂಕದವರ ಆಕ್ಷೇಪಣೆಯೂ ಇಲ್ಲ. ತೂಕವೂ ಒಂದು ಕಿಲೋವಿಗೆ ಹೆಚ್ಚಾಗದು.